ಲಾಂಡ್ರಿಯ ಮೇಲಿನ ಮನೆ

ನಮ್ಮ ಬೀದಿಯ ಮೂಲೆಯ ಲಾಂಡ್ರಿಯನ್ನು ನಡೆಸುವವಳು ನನ್ನ ಹಳೆಯ ವಿದ್ಯಾರ್ಥಿನಿ. ಊರಿಗೆಲ್ಲ ಅವಳು ಲಾಂಡ್ರಿ ಅಕ್ಕ. ನನಗಿಂತ ಹಿರಿಯರೂ ಅಕ್ಕ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ತರಗತಿಯಲ್ಲಿದ್ದಾಗ ಅವಳಿಗೆ ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ. ಪದ್ಯವಂತೂ ಎರಡನೆಯ ಸಾಲಿಗೇ ಮುಗಿದುಹೋಗುತ್ತಿತ್ತು. ಆದರೆ ಪ್ರತಿ ಶನಿವಾರ ಕರಿಹಲಗೆ ಒರೆಸುವ ಬಟ್ಟೆಯನ್ನು ಯಾರೂ ಹೇಳದೆಯೇ ಮನೆಗೆ ಒಯ್ದು, ಸೋಮವಾರ ಒಗೆದು ಇಸ್ತ್ರಿ ಹಾಕಿ ತಂದಿಡುತ್ತಿದ್ದಳು. ಕರವಸ್ತ್ರದ ಹಾಗೆ ಮಡಿಸಿದ ಆ ಬಟ್ಟೆಯಿಂದ ಹಲಗೆ ಒರೆಸಲು ನನಗೇ ಮನಸ್ಸಾಗುತ್ತಿರಲಿಲ್ಲ. ಅವಳು ಬಂದ ಮೇಲೆ ನಮ್ಮ ಶಾಲೆಯ ಉಳಿದ ತರಗತಿಗಳ ಹಲಗೆಗಳು ನನ್ನ ಕಣ್ಣಿಗೆ ಕೊಳಕಾಗಿ ಕಾಣತೊಡಗಿದವು.

ಲಾಂಡ್ರಿ ಅವಳ ತಂದೆಯದು. ಒಳಗೆ ಹೋದರೆ ಎಡಕ್ಕೆ ದೊಡ್ಡ ಎರಡು ಯಂತ್ರಗಳು, ಬಲಕ್ಕೆ ಉದ್ದನೆಯ ಇಸ್ತ್ರಿ ಮೇಜು, ಚಾವಣಿಯಿಂದ ರಾಟೆಯ ಮೇಲೆ ಇಳಿಯುವ ಒಣಗುಹಗ್ಗಗಳು. ಸದಾ ಹಬೆ. ಚಳಿಗಾಲದಲ್ಲಿ ಕೆಲಸವಿಲ್ಲದವರೂ ಒಂದು ಅಂಗಿ ಹಿಡಿದುಕೊಂಡು ಬಂದು ಬೆಚ್ಚಗೆ ನಿಲ್ಲುತ್ತಿದ್ದರು. ಆ ತಂದೆ ಮಾತು ಕಡಿಮೆಯ ಮನುಷ್ಯ. ಅವರ ಅಂಗಡಿಗೆ ಒಂದು ಕಟ್ಟುನಿಟ್ಟಾದ ಕ್ರಮವಿತ್ತು. ಬಟ್ಟೆ ನೀರಿಗೆ ಬೀಳುವ ಮೊದಲು ಪ್ರತಿಯೊಂದು ಜೇಬನ್ನೂ ಮಗುಚಿ ನೋಡಬೇಕು. ಸಿಕ್ಕಿದ್ದನ್ನು ಒಂದು ಎನಾಮಲ್ ಬಟ್ಟಲಿಗೆ ಹಾಕಿ ಕೌಂಟರಿನ ಹಿಂದಿನ ಹಲಗೆಯ ಮೇಲಿಡಬೇಕು. ಬಟ್ಟಲಿಗೆ ಚೀಟಿ ಅಂಟಿಸುವಂತಿಲ್ಲ. ಬಟ್ಟೆಯ ಗಂಟಿನ ಪಕ್ಕದಲ್ಲಿ ಇಡುವಂತೆಯೂ ಇಲ್ಲ. ಅದು ಯಾರದೆಂಬುದು ಜೇಬು ಮಗುಚಿದವರಿಗೆ ಮಾತ್ರ ನೆನಪಿರಬೇಕು. ಗಿರಾಕಿ ಬಂದಾಗ ಬಟ್ಟಲನ್ನು ಸುಮ್ಮನೆ ಮುಂದಕ್ಕೆ ಸರಿಸಬೇಕು, ಅಷ್ಟೇ. ಬೀಗದ ಕೈ, ಕಿವಿಯ ಓಲೆ, ಕಟ್ಟಿಸಿದ ಹಲ್ಲು, ಸಿನಿಮಾ ಎಂದರೆ ಮೂಗು ಮುರಿಯುವ ಹೆಂಡತಿಯಿದ್ದ ಒಬ್ಬರ ಜೇಬಿನಲ್ಲಿ ಎರಡು ಸಿನಿಮಾ ಟಿಕೆಟ್ಟು—ಎಲ್ಲವೂ ಆ ಬಟ್ಟಲುಗಳಲ್ಲಿ ಕುಳಿತು ಎದ್ದುಹೋದವು. "ಒಂದು ಜೇಬಿನ ವಿಷಯ ಹೊರಗೆ ಹೋದ್ರೆ, ನಾಳೆಯಿಂದ ಜನ ಜೇಬು ಕಿತ್ತುಹಾಕಿ ಬಟ್ಟೆ ಕೊಡ್ತಾರೆ" ಎನ್ನುತ್ತಿದ್ದರು ಅವರು. ಅವರ ನಂತರ ಲಾಂಡ್ರಿ ಅಕ್ಕನ ಕೈಗೆ ಬಂದರೂ ಆ ಕ್ರಮ ಬದಲಾಗಲಿಲ್ಲ.

ಅಕ್ಕನಿಗೆ ಒಬ್ಬಳು ತಂಗಿ, ವಯಸ್ಸಿನಲ್ಲಿ ಬಹಳ ಚಿಕ್ಕವಳು. ಮನೆಯಲ್ಲಿ ಅವಳನ್ನು ಚಿಕ್ಕವಳು ಎಂದು ಕರೆದು ಕರೆದು ಅದೇ ಹೆಸರಾಗಿ ನಿಂತಿತು. ಅವಳು ಲಾಂಡ್ರಿಯ ಹಬೆ ಬೇಡವೆಂದು ಪ್ಯಾಕಿಂಗ್ ಕಾರ್ಖಾನೆಗೆ ಸೇರಿದಳು. ಅಲ್ಲಿ ದಿನವಿಡೀ ಪೆಟ್ಟಿಗೆ ಕಟ್ಟಿ ಮಣಿಕಟ್ಟು ನೋಯುತ್ತಿದ್ದಾಗ ಪಕ್ಕದಲ್ಲಿ ಕೆಲಸ ಮಾಡುವವಳು ಒಂದು ಮಾತ್ರೆ ಕೊಟ್ಟಳು. ನೋವು ಹೋಯಿತು. ಆಮೇಲೆ ನೋವಿಲ್ಲದಿದ್ದರೂ ಮಾತ್ರೆ ಬೇಕಾಯಿತು. ಮಾತ್ರೆ ಸಾಲದಾದಾಗ ಸೂಜಿ ಬಂತು. ಕೆಲಸ ಹೋಯಿತು, ಮೈ ಇಳಿಯಿತು, ಮನೆ ಬಿಟ್ಟು ಹೋಗುವುದು ಬರುವುದು ಶುರುವಾಯಿತು. ಅಕ್ಕ ಅವಳನ್ನು ಹುಡುಕಿ ಹುಡುಕಿ ಆಸ್ಪತ್ರೆಗೆ ಸೇರಿಸುವಳು. ಅಲ್ಲಿ ಚೇತರಿಸಿಕೊಂಡು ಕೆನ್ನೆ ತುಂಬಿಕೊಂಡು ಬರುವಳು. ಹಳೆಯ ಬಾಡಿಗೆ ಕೋಣೆ, ಹಳೆಯ ಗೆಳತಿಯರು ಸಿಕ್ಕಿದೊಡನೆ ಮತ್ತೆ ಅದೇ ಕಥೆ.

ಮೂರನೆಯ ಸಲ ಬಿಡಿಸಿಕೊಂಡು ಬರುವಾಗ ಡಾಕ್ಟರಮ್ಮ ಅಕ್ಕನನ್ನು ಕೂರಿಸಿಕೊಂಡು ಹೇಳಿದರಂತೆ: "ಒಳಗಿನ ವಿಷ ತೆಗೆಯೋದು ನನ್ನ ಕೆಲಸ, ಅದನ್ನು ಮಾಡಿದ್ದೀನಿ. ಇನ್ನು ಇವಳು ಎಲ್ಲಿ ಮಲಗ್ತಾಳೆ, ಯಾರ ಜೊತೆ ಕೂತು ಟೀ ಕುಡೀತಾಳೆ, ಬೆಳಿಗ್ಗೆ ಎದ್ದು ಏನು ಮಾಡ್ತಾಳೆ—ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಚಟ ಬಿಟ್ಟ ಗಂಡಸರು ಕೂಡಿ ಇರೋಕೆ ಮನೆ ಒಂದಿದೆ. ಹೆಂಗಸರಿಗೆ ಎಲ್ಲಿದೆ?"

ನಿಜಕ್ಕೂ ಇರಲಿಲ್ಲ. ಹೆಂಗಸರು ಇಂಥ ಚಟಕ್ಕೆ ಬೀಳುವುದೇ ಇಲ್ಲವೆಂದು ಊರು ನಂಬಿತ್ತು. ಬಿದ್ದವರು ಯಾರ ಕಣ್ಣಿಗೂ ಬೀಳದಂತೆ ಅವರವರ ಮನೆಯವರೇ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಅಂಗಡಿ ಮೇಲೆ ಮೂರು ರೂಮು ಇದೆ ಡಾಕ್ಟ್ರೇ. ಕೆಳಗೆ ಬೇಕಾದಷ್ಟು ಕೆಲಸ ಇದೆ. ಸಾಕಾ?" ಎಂದಳಂತೆ ಅಕ್ಕ.

"ಸಾಲಲ್ಲ. ಆದ್ರೆ ಶುರು ಮಾಡಬಹುದು" ಎಂದರಂತೆ ಅವರು.

ಆ ಕಟ್ಟಡದ ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಎಲ್ಲರೂ ಗಾರ್ಡ್ ತಾತ ಎನ್ನುತ್ತಾರೆ. ಲಾಂಡ್ರಿಯ ಹಿಂಭಾಗದಲ್ಲಿಯೇ ಅವರ ವಾಸ. ಅವರ ಒಪ್ಪಿಗೆ ಕೇಳಲು ಅಕ್ಕ ನನ್ನನ್ನು ಕರೆದಳು. "ನನಗೆ ಮಾತು ಬರಲ್ಲ ಟೀಚರ್. ನೀವು ಮಾತಾಡಿ, ನಾನು ತಲೆ ಆಡಿಸ್ತೀನಿ." ಹೋದೆ. ಎದುರಿನ ಅಂಗಡಿಯ ಟೈಲರ್ ವಿಷಯ ತಿಳಿದು ನಮಗಿಂತ ಮೊದಲೇ ಅಲ್ಲಿ ಬಂದು ಕುಳಿತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು.

"ಬೀದಿಯಲ್ಲಿ ಮಕ್ಕಳು ಓಡಾಡ್ತಾರೆ ತಾತ. ಇವತ್ತು ನಾಲ್ಕು ಜನ ಬರ್ತಾರೆ, ನಾಳೆ ಅವರಿಗೆ ಮಾಲು ತಂದುಕೊಡೋರು ನಲವತ್ತು ಜನ ಬರ್ತಾರೆ" ಎಂದ ಅವನು.

"ನಿನ್ನ ಅಂಗಡಿಗೆ ಅಷ್ಟು ಜನ ಬಂದಿದ್ರೆ ನೀನು ಇಲ್ಲಿ ಬಂದು ಕೂರ್ತಿರಲಿಲ್ಲ ಬಿಡು" ಎಂದರು ತಾತ. ಆಮೇಲೆ ನನ್ನ ಕಡೆ ತಿರುಗಿದರು. "ಟೀಚರ್, ನಿಮ್ಮ ಮಾತಿನ ಮೇಲೆ ಕೊಡ್ತೀನಿ. ಆದ್ರೆ ಒಂದು ಷರತ್ತು. ಆ ಸಾಮಾನು ಈ ಕಟ್ಟಡದ ಒಳಗೆ ಕಂಡಿತು ಅಂತ ಒಂದು ದೂರು ಬರಲಿ, ಒಂದೇ ಒಂದು, ಮೇಲ್ಗಡೆ ಖಾಲಿ ಮಾಡಬೇಕು. ಎರಡನೇ ಸಲ ಅನ್ನೋದು ನನ್ನ ಹತ್ರ ಇಲ್ಲ."

ಅಕ್ಕ ತಲೆ ಆಡಿಸಿದಳು. ಹಾಗೆ ಆ ಮನೆ ಆರಂಭವಾಯಿತು.

ಮೇಲಿನ ಕೋಣೆಗಳಲ್ಲಿ ಕೆಟ್ಟ ಯಂತ್ರಗಳ ಜೊತೆಗೆ, ಒಗೆಯಲು ಕೊಟ್ಟವರು ಮರಳಿ ಒಯ್ಯದೆ ಬಿಟ್ಟ ಬಟ್ಟೆಗಳು ರಾಶಿಯಾಗಿದ್ದವು. ಅವೇ ಮೊದಲ ನಿವಾಸಿಗಳಿಗೆ ಉಡುಪಾದವು. ಮೊದಲು ಬಂದವಳು ಚಿಕ್ಕವಳು. ಆಮೇಲೆ ಬಸ್ ಕಂಡಕ್ಟರ್ ಆಗಿದ್ದು ಕೆಲಸ ಕಳೆದುಕೊಂಡ ಒಬ್ಬಾಕೆ ಬಂದಳು. ಆಸ್ಪತ್ರೆಯ ಗೌನಿನ ಮೇಲೆ ಯಾರದೋ ಮದುವೆಯ ಕೋಟು ಹಾಕಿಕೊಂಡು, "ಇದರ ಮದುಮಗ ಎಲ್ಲಿ? ಅವನನ್ನೂ ಇಸ್ತ್ರಿ ಮಾಡಿ ಇಟ್ಟಿದ್ದೀರಾ?" ಎಂದು ಕೇಳಿ ಮೊದಲ ದಿನವೇ ಎಲ್ಲರನ್ನೂ ನಗಿಸಿದಳು. ಇನ್ನಿಬ್ಬರು ಡಾಕ್ಟರಮ್ಮ ಕಳುಹಿಸಿದವರು. ಒಬ್ಬಳು ಬಂದ ಮೊದಲ ವಾರ ಯಾರೊಡನೆಯೂ ಮಾತನಾಡದೆ ಗುಂಡಿ ಹೊಲಿಯುತ್ತಲೇ ಇದ್ದಳು. ಬಿದ್ದುಹೋಗದ ಗುಂಡಿಗಳನ್ನೂ ಅವಳು ಕಿತ್ತು ಮತ್ತೆ ಹೊಲಿದಳೆಂದು ಕಂಡಕ್ಟರ್ ದೂರಿದಳು.

ಮನೆಯ ನಿಯಮಗಳು ಸರಳವಾಗಿದ್ದವು. ಬೆಳಗಿನ ಟೀ ಎಲ್ಲರೂ ಕೂಡಿಯೇ ಕುಡಿಯಬೇಕು. ಹಿಂದಿನ ದಿನ ಹೇಗಿತ್ತೆಂದು ಪ್ರತಿಯೊಬ್ಬರೂ ಹೇಳಬೇಕು. ಹೇಳಲಾಗದಿದ್ದರೆ ಹೇಳಲಾಗುವುದಿಲ್ಲವೆಂದಾದರೂ ಹೇಳಬೇಕು. ಹೊರಗೆ ಹೋದರೆ ಇಬ್ಬರು ಕೂಡಿ ಹೋಗಬೇಕು. ವಾರಕ್ಕೊಮ್ಮೆ ಆಸ್ಪತ್ರೆ. ಉಳಿದ ಹೊತ್ತು ಕೆಳಗೆ ಕೆಲಸ. ಅಕ್ಕ ಅವರಿಗೆ ಹಾಸಿಗೆಯ ಹೊದಿಕೆ ಮಡಿಸುವುದನ್ನೂ, ಕಾಲರು ತಿರುಗಿಸುವುದನ್ನೂ, ಜೇಬು ಮಗುಚುವುದನ್ನೂ ತಂದೆ ತನಗೆ ಕಲಿಸಿದಂತೆಯೇ ಕಲಿಸಿದಳು. ಹಬೆಯಲ್ಲಿ ಕೆಂಪಗಾದ ಆ ಮುಖಗಳನ್ನು ಹಾದುಹೋಗುವಾಗ ನೋಡಿದರೆ, ಒಂದು ವರ್ಷದ ಹಿಂದೆ ಅವರು ಹೇಗಿದ್ದರೆಂದು ಯಾರೂ ಹೇಳಲಾರರು. ನಾನು ಮಧ್ಯಾಹ್ನ ಹೋಗಿ ಕೂರುವ ಅಭ್ಯಾಸ ಮಾಡಿಕೊಂಡೆ. ಕಂಡಕ್ಟರ್ ನನ್ನನ್ನು ನೋಡಿದೊಡನೆ, "ಟೀಚರ್ ಹತ್ತಿದ್ರು, ಒಳಗೆ ಜರುಗಿ, ಜರುಗಿ" ಎಂದು ಬೆಂಚು ಖಾಲಿ ಮಾಡಿಸುವಳು.

ನಮ್ಮ ಮನೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಮಗನಿಗೆ ನೀರಿನ ಪಂಪುಮನೆಯಲ್ಲಿ ಕೆಲಸ, ಸೊಸೆಗೆ ಬ್ಯಾಂಕಿನ ಕೌಂಟರಿನಲ್ಲಿ. ಅವಳ ಬ್ಯಾಂಕಿನ ಕೋಟುಗಳೆಲ್ಲ ಅಕ್ಕನ ಲಾಂಡ್ರಿಗೇ ಹೋಗುತ್ತಿದ್ದವು. ಮೇಲಿನ ಮನೆಗೆಂದು ಎರಡು ಕಂಬಳಿಗಳನ್ನು ತಾನಾಗಿಯೇ ಕೊಟ್ಟವಳು ಅವಳು. ಎರಡನೆಯ ಹೆರಿಗೆಯ ನಂತರ ಅವಳಿಗೆ ವಿಪರೀತ ಬೆನ್ನು ನೋವು. ಬ್ಯಾಂಕಿನಿಂದ ಬಂದೊಡನೆ ಮಲಗಿಬಿಡುವಳು. ಕೆಲವು ದಿನ ಮಕ್ಕಳು ಕರೆದರೂ ಏಳುತ್ತಿರಲಿಲ್ಲ. ಪಾಪ, ಎರಡು ಕಡೆ ದುಡಿಯುವ ಜೀವ ಎಂದು ನಾನು ಮಕ್ಕಳನ್ನು ಹೊರಗೆ ಕರೆದೊಯ್ದು ಬಾಗಿಲು ಮುಂದೆ ಮಾಡುತ್ತಿದ್ದೆ.

ಮನೆ ಆರಂಭವಾಗಿ ವರ್ಷ ತುಂಬುವ ಹೊತ್ತಿಗೆ ಒಂದು ದಿನ ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುವವಳು ಓಡಿಬಂದು, ಗಾರ್ಡ್ ತಾತ ಕರೆಯುತ್ತಿದ್ದಾರೆ, ತಕ್ಷಣ ಬರಬೇಕಂತೆ ಎಂದಳು. ಲಾಂಡ್ರಿಯಲ್ಲಿ ಯಂತ್ರಗಳು ನಿಂತಿದ್ದವು. ಯಂತ್ರಗಳ ಸದ್ದಿಲ್ಲದ ಲಾಂಡ್ರಿಯನ್ನು ನಾನು ನೋಡಿದ್ದು ಅದೇ ಮೊದಲು. ಕೌಂಟರಿನ ಮೇಲೆ ಎನಾಮಲ್ ಬಟ್ಟಲು, ಅದರೊಳಗೆ ಅರ್ಧ ಖಾಲಿಯಾದ ಒಂದು ಮಾತ್ರೆಯ ಪಟ್ಟಿ.

ಟೈಲರ್ ತನ್ನ ಇಸ್ತ್ರಿ ಬಟ್ಟೆ ಒಯ್ಯಲು ಬಂದಿದ್ದನಂತೆ. ಹಲಗೆಯ ಮೇಲಿನ ಬಟ್ಟಲು ಕಣ್ಣಿಗೆ ಬಿತ್ತಂತೆ. ಅವನ ತಾಯಿ ಕೊನೆಗಾಲದಲ್ಲಿ ನೋವಿಗೆಂದು ಅದೇ ಮಾತ್ರೆ ತೆಗೆದುಕೊಳ್ಳುತ್ತಿದ್ದುದರಿಂದ ಅವನಿಗೆ ಗುರುತು ಸಿಕ್ಕಿತು. ಚಿಕ್ಕವಳು ಪ್ಯಾಕಿಂಗ್ ಕಾರ್ಖಾನೆಯಲ್ಲಿ ನುಂಗಲು ಆರಂಭಿಸಿದ್ದೂ ಅದೇ ಮಾತ್ರೆಯನ್ನೇ.

"ಗಿರಾಕಿ ಜೇಬಲ್ಲಿ ಸಿಕ್ತು. ಬಟ್ಟಲಿಗೆ ಹಾಕ್ದೆ" ಎಂದಳು ಚಿಕ್ಕವಳು. ಅವಳ ಕೈಗಳು ಇನ್ನೂ ಒದ್ದೆಯಾಗಿದ್ದವು.

ಇದನ್ನು ನಾನು ಇಂದಿಗೂ ಯೋಚಿಸುತ್ತೇನೆ. ಅವಳ ಸ್ಥಿತಿಯಲ್ಲಿದ್ದ ಬೇರೆ ಯಾರೇ ಆಗಲಿ, ಆ ಪಟ್ಟಿ ಕೈಗೆ ಸಿಕ್ಕಿದೊಡನೆ ಒಂದೋ ನುಂಗುತ್ತಿದ್ದರು, ಇಲ್ಲವೇ ಹೆದರಿ ಚರಂಡಿಗೆ ಎಸೆಯುತ್ತಿದ್ದರು, ಅಥವಾ ಅಕ್ಕನ ಬಳಿ ಓಡಿಹೋಗುತ್ತಿದ್ದರು. ಆ ಮನೆಯವರಲ್ಲದೆ ಇನ್ನಾರೂ ಅದನ್ನು ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಒಂದು ಬೀಗದ ಕೈಯನ್ನಿಟ್ಟಂತೆ ಇಟ್ಟು ಮುಂದಿನ ಜೇಬಿಗೆ ಕೈ ಹಾಕುತ್ತಿರಲಿಲ್ಲ. ಕಲಿಸಿದ್ದನ್ನು ಕಲಿಸಿದಂತೆಯೇ ಮಾಡಿದ್ದಳು. ತಪ್ಪಾದದ್ದೂ ಅದೇ.

"ಯಾವ ಗಿರಾಕಿ?" ಎಂದು ಕೇಳಿದರು ತಾತ.

"ಅದನ್ನ ಹೇಳಲ್ಲ."

"ಹೇಳಲ್ವಂತೆ" ಎಂದ ಟೈಲರ್. "ಅರ್ಧ ಪಟ್ಟಿ ಖಾಲಿ ಇದೆ ನೋಡಿ ತಾತ. ಆ ಅರ್ಧವೂ ಗಿರಾಕಿ ಹೆಸರಲ್ಲೇ ಹೋಯ್ತಾ?"

"ಆಸ್ಪತ್ರೆಗೆ ಕರ್ಕೊಂಡು ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ನಾನು ತಿಂದಿದ್ರೆ ಗೊತ್ತಾಗುತ್ತೆ."

"ತಿಂದೆ ಅಂತ ನಾನೆಲ್ಲಿ ಹೇಳ್ದೆ?" ಎಂದರು ತಾತ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಭಯ ಹುಟ್ಟಿಸುತ್ತಿತ್ತು. "ಷರತ್ತು ಏನಿತ್ತು? ಸಾಮಾನು ಕಟ್ಟಡದ ಒಳಗೆ ಕಾಣಬಾರದು ಅಂತ. ಕಾಣ್ತು. ಗಿರಾಕಿದು ಅಂತ ಆದ್ರೆ ಬೇರೆ ಮಾತು, ಆ ಗಿರಾಕಿ ಯಾರು ಅಂತ ನನಗೆ ಗೊತ್ತಾಗಬೇಕು. ಇಲ್ಲಾಂದ್ರೆ ಈ ತಿಂಗಳ ಕೊನೆಗೆ ಮೇಲ್ಗಡೆ ಖಾಲಿ."

ಮೆಟ್ಟಿಲ ಮೇಲೆ ಕಂಡಕ್ಟರ್ ಮತ್ತು ಉಳಿದಿಬ್ಬರು ನಿಂತಿದ್ದರು. ಅವರಿಗೆ ಹೋಗಲು ಬೇರೆ ಸ್ಥಳವಿರಲಿಲ್ಲ; ಮೊದಲಿದ್ದ ಸ್ಥಳಗಳೇ ಅವರನ್ನು ಚಟಕ್ಕೆ ದೂಡಿದ್ದವು. ನಾನು ಅಕ್ಕನ ಮುಖ ನೋಡಿದೆ. ಅವಳು ತಂಗಿಯನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೇನೋ ಎಂಬ ಹೆದರಿಕೆ ಅವಳಿಗಿತ್ತೆಂದು ಕಾಣುತ್ತದೆ. ನನಗಾದರೋ ತಡೆಯಲಾಗಲಿಲ್ಲ.

"ಹೇಳಿಬಿಡು ಮಗಳೇ. ಒಂದು ಹೆಸರು ತಾನೆ? ನಾಲ್ಕು ಜನರ ಬಾಳು ಉಳಿಯುತ್ತೆ" ಎಂದೆ.

ಚಿಕ್ಕವಳು ನನ್ನತ್ತ ತಿರುಗಿದಳು. "ನೀವು ಮಾತ್ರ ಕೇಳ್ಬೇಡಿ ಟೀಚರ್" ಎಂದು, ತಲೆ ತಗ್ಗಿಸಿ ಕೈ ಒರೆಸಿಕೊಂಡಳು.

ಅಂದು ಸಂಜೆ ಊಟಕ್ಕೆ ಕುಳಿತಾಗ ಎಲ್ಲವನ್ನೂ ಮನೆಯವರಿಗೆ ಹೇಳಿದೆ. ನನಗೆ ಸಿಟ್ಟು ಆ ಗಿರಾಕಿಯ ಮೇಲೆ. "ಯಾರೋ ಮಹಾತಾಯಿ, ಮಾತ್ರೆ ಮರೆತು ಬಟ್ಟೆ ಕೊಟ್ಟು ಆರಾಮವಾಗಿದ್ದಾಳೆ. ಇಲ್ಲಿ ನಾಲ್ಕು ಹೆಣ್ಣುಮಕ್ಕಳು ಬೀದಿಗೆ ಬೀಳ್ತಿದ್ದಾರೆ. ಒಂದು ಮಾತು ಬಂದು ಹೇಳಿದ್ರೆ ಅವಳ ಗಂಟೇನು ಹೋಗುತ್ತೆ?" ಎಂದೆ.

"ಗಂಡಸೂ ಇರಬಹುದಲ್ಲಮ್ಮ" ಎಂದ ಮಗ.

ಚಿಕ್ಕ ಮಗುವಿಗೆ ತುತ್ತು ಕೊಡುತ್ತಿದ್ದ ಸೊಸೆಯ ಕೈ ನಡುವೆಯೇ ನಿಂತಿತ್ತು. ಮಗು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ತಟ್ಟೆ ಎತ್ತಿಟ್ಟು ಅವಳು ಎದ್ದುಹೋದಳು. ಎಂದಿನಂತೆ ಬೆನ್ನು ನೋವಿರಬೇಕೆಂದುಕೊಂಡೆ.

ಬೆಳಿಗ್ಗೆ ಮಗ ಕೆಲಸಕ್ಕೆ ಹೋದ ಮೇಲೆ ಅವಳು ಚಪ್ಪಲಿ ಮೆಟ್ಟಿಕೊಂಡು, ಕೈಚೀಲ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅತ್ತೆ, ಗಾರ್ಡ್ ತಾತನ ಮನೆಗೆ ನನ್ನ ಜೊತೆ ಬರ್ತೀರಾ? ಒಬ್ಬಳೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬಂದುಬಿಡ್ತೀನಿ."

ಅವಳ ಮುಖ ನೋಡಿದಾಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅವಳ ಕೈ ಹಿಡಿದುಕೊಂಡೆ. ಬೇಕರಿಯ ತಿರುವಿನಲ್ಲಿ ಅವಳ ಹೆಜ್ಜೆ ನಿಧಾನವಾಯಿತು, ನಾನು ಬಿಡಲಿಲ್ಲ.

ತಾತ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದರು. ಅರ್ಧ ಮುಖಕ್ಕೆ ನೊರೆ. ಸೊಸೆ ಅವರ ಮುಂದಿನ ಪುಟ್ಟ ಮೇಜಿನ ಮೇಲೆ ಕೈಚೀಲವನ್ನು ಸುರಿದಳು. ಅದೇ ಮಾತ್ರೆಯ ಪಟ್ಟಿಗಳು, ಒಂದರ ಮೇಲೊಂದು.

"ಬಟ್ಟಲಲ್ಲಿ ಇದ್ದಿದ್ದು ನನ್ನದು ತಾತ. ಬ್ಯಾಂಕಿನ ಕೋಟಿನ ಜೇಬಲ್ಲಿತ್ತು. ಮನೆಯೆಲ್ಲಾ ಹುಡುಕಿದೆ. ಲಾಂಡ್ರಿಗೆ ಹೋಗಿ ಕೇಳೋಕೆ ಧೈರ್ಯ ಬರಲಿಲ್ಲ. ಡಾಕ್ಟರು ನಿಲ್ಲಿಸಿ ಅಂದಿದ್ದು ಎಷ್ಟೋ ಹಿಂದೆ... ನನಗೆ ನಿಲ್ಲಿಸೋಕೆ ಆಗ್ತಿಲ್ಲ."

ತಾತ ಪಟ್ಟಿಗಳನ್ನು ನೋಡಿದರು, ನನ್ನನ್ನು ನೋಡಿದರು. ಒಗೆದ ಟವಲಿನಿಂದ ನೊರೆಯನ್ನೆಲ್ಲ ಒರೆಸಿಕೊಂಡರು. ಒಂದು ಕೆನ್ನೆ ಹೆರೆದಿತ್ತು, ಇನ್ನೊಂದು ಹಾಗೆಯೇ ಇತ್ತು. "ಆ ಹುಡುಗಿಗೆ ಇದು ಗೊತ್ತಿತ್ತಾ?" ಎಂದು ಕೇಳಿದರು.

"ಜೇಬು ಮಗುಚಿದವಳು ಅವಳೇ" ಎಂದಳು ಸೊಸೆ.

"ಟೀಚರ್ ಎದುರಿಗೇ ನಿಂತು ಕೇಳಿದ್ರೂ ಬಾಯಿ ಬಿಡಲಿಲ್ಲ" ಎಂದು ತಾತ ತಮಗೆ ತಾವೇ ಹೇಳಿಕೊಂಡರು. "ನಾನು ಗಾಡಿ ನಡೆಸಿದ ಕಾಲದಲ್ಲಿ ಇಂಥ ಒಬ್ಬರು ನನ್ನ ಜೊತೆ ಇದ್ದಿದ್ರೆ ಅರ್ಧ ಕೂದಲು ಉಳೀತಿತ್ತು." ಆಮೇಲೆ ಎದ್ದು ಗೋಡೆಯಾಚೆಗೆ ಕೇಳುವಂತೆ, "ಲೇ, ಮಿಷಿನ್ ಯಾಕೆ ನಿಲ್ಲಿಸಿದ್ದೀರಾ? ಗಿರಾಕಿ ಬಟ್ಟೆ ಒಗೆಯೋಕೆ ನಾನು ಬರಬೇಕಾ?" ಎಂದು ಕೂಗಿದರು.

ನಾವು ಸುತ್ತಿಕೊಂಡು ಲಾಂಡ್ರಿಗೆ ಬರುವಷ್ಟರಲ್ಲಿ ಕಂಡಕ್ಟರ್ ಕಟ್ಟಿಟ್ಟಿದ್ದ ಗಂಟುಗಳನ್ನು ಮತ್ತೆ ಮೇಲಕ್ಕೆ ಹೊರುತ್ತಿದ್ದಳು. "ಇಳಿಯೋರು ಯಾರೂ ಇಲ್ಲ, ಗಾಡಿ ಮುಂದಕ್ಕೆ" ಎನ್ನುತ್ತಿದ್ದಳು. ಸೊಸೆ ಚಿಕ್ಕವಳ ಮುಂದೆ ನಿಂತು ಏನೋ ಹೇಳಲು ಹೋಗಿ ಅತ್ತುಬಿಟ್ಟಳು. ಚಿಕ್ಕವಳು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಬಿಸಿ ಟವಲೊಂದನ್ನು ಬೆನ್ನಿಗೆ ಇಟ್ಟಳು.

"ಮೇಲೆ ಜಾಗ ಇದೆಯಾ?" ಎಂದು ಸೊಸೆ ಅಕ್ಕನನ್ನು ಕೇಳಿದಳು.

"ಜಾಗ ಮಾಡ್ತೀವಿ. ಮೊದಲು ಡಾಕ್ಟರಮ್ಮನ ಹತ್ರ. ಇದ್ದಕ್ಕಿದ್ದ ಹಾಗೆ ನೀವೇ ನಿಲ್ಲಿಸೋಕೆ ಹೋಗಬೇಡಿ, ಅಪಾಯ. ಅವರು ಕಳಿಸಿದ ಮೇಲೆ ಇಲ್ಲಿಗೆ ಬನ್ನಿ" ಎಂದಳು ಅಕ್ಕ. ಮಾತು ಬರುವುದಿಲ್ಲವೆಂದು ನನ್ನನ್ನು ಕರೆದುಕೊಂಡು ಹೋಗಿದ್ದವಳು ಇವಳೇ.

ಮಗನಿಗೆ ವಿಷಯ ತಿಳಿದಾಗ ಅವನು ಮೊದಲು ಸಿಟ್ಟಾದ, ಆಮೇಲೆ ಅತ್ತ, ಆಮೇಲೆ ಆಸ್ಪತ್ರೆಯ ಚೀಲ ಹೊತ್ತುಕೊಂಡು ಹೊರಟ. ಟೈಲರ್ ಕ್ಷಮೆಯನ್ನೇನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಕೊರಳ ಟೇಪು ಸರಿಪಡಿಸಿಕೊಳ್ಳುತ್ತ ಬಂದು, "ಮೇಲಿನ ಕಿಟಕಿ ಪರದೆ ಗಿಡ್ಡ ಇದೆ, ಬೀದಿಯಿಂದ ನೋಡೋಕೆ ಚೆನ್ನಾಗಿಲ್ಲ. ಅಳತೆ ತಗೋತೀನಿ" ಎಂದ. ಅಳತೆ ತೆಗೆದುಕೊಳ್ಳಲು ಅವನಿಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಗುಂಡಿ ಹೊಲಿಯುವವಳ ಕೈಚಳಕ ನೋಡಿ, ತನ್ನ ಅಂಗಡಿಯ ಕೆಲಸವನ್ನೂ ಅವಳಿಗೆ ಕೊಡಲಾರಂಭಿಸಿದ.

ಸೊಸೆ ಆಸ್ಪತ್ರೆಯಿಂದ ನೇರವಾಗಿ ಮೇಲಿನ ಮನೆಗೆ ಬಂದಳು. ಒಂದು ಚಳಿಗಾಲ, ಒಂದು ಬೇಸಗೆ ಅಲ್ಲಿದ್ದಳು. ನಾನು ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯುವೆನು. ಅವರು ಒಣಗುವ ಹೊದಿಕೆಗಳ ನಡುವೆ ಕಣ್ಣಾಮುಚ್ಚಾಲೆ ಆಡುವರು, ಹಗ್ಗದಿಂದ ಬೀಳಿಸಿದರೆ ಕಂಡಕ್ಟರ್ ಕೈಲಿ ಬೈಸಿಕೊಳ್ಳುವರು. ಕೆಟ್ಟ ದಿನಗಳೂ ಇದ್ದವು. ಒಮ್ಮೆ ಅವಳು ಬಾಗಿಲು ತೆರೆದು ಹೊರಟೇಬಿಟ್ಟಿದ್ದಳಂತೆ. ಚಿಕ್ಕವಳು ತಡೆಯಲಿಲ್ಲವಂತೆ, ಜೊತೆಗೇ ನಡೆದಳಂತೆ, ಊರೆಲ್ಲ ಸುತ್ತಿ ಕಾಲು ಸೋತು ಇಬ್ಬರೂ ಹಿಂದಿರುಗಿದರಂತೆ. ಈಗ ಅವಳು ನಮ್ಮೊಡನೆ ಇದ್ದಾಳೆ, ಬ್ಯಾಂಕಿಗೆ ಹೋಗುತ್ತಾಳೆ. ಈಗಲೂ ಬೆಳಗಿನ ಟೀ ಮಾತ್ರ ಲಾಂಡ್ರಿಯ ಮೇಲೆಯೇ. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ, "ಬರೀರಿ ಅತ್ತೆ. ನನ್ನ ಹಾಗೆ ಮಲಗಿರೋ ಸೊಸೆಯಂದಿರು ಇನ್ನೂ ಎಷ್ಟು ಮನೆಯಲ್ಲಿದ್ದಾರೋ" ಎಂದವಳು ಅವಳೇ.

ಮೇಲಿನ ಮನೆಯಲ್ಲಿ ಈಗ ಎಂಟು ಹಾಸಿಗೆಗಳಿವೆ. ಅದನ್ನು ನೋಡಿಕೊಳ್ಳುವವಳು ಚಿಕ್ಕವಳು. ಸೊಸೆ ಮನೆಗೆ ಮರಳಿದ ವಾರ ನಾನು ಚಿಕ್ಕವಳಿಗೆ ಧನ್ಯವಾದ ಹೇಳಬೇಕೆಂದು ಹೋದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಎಷ್ಟೋ ವರ್ಷ ಮಕ್ಕಳಿಗೆ ಭಾಷಣ ಬರೆದುಕೊಟ್ಟವಳು ನಾನು. ಅವಳು ಆಸ್ಪತ್ರೆಯಿಂದ ಒಗೆಯಲು ಬಂದಿದ್ದ ಹೊದಿಕೆಗಳ ರಾಶಿಯ ಮುಂದೆ ನಿಂತಿದ್ದಳು.

"ಮಗಳೇ, ನೀನು ಅಂದು..." ಎಂದು ಆರಂಭಿಸಿದೆ.

"ಟೀಚರ್, ಆ ತುದಿ ಹಿಡ್ಕೊಳ್ಳಿ" ಎಂದಳು.

ಹಿಡಿದುಕೊಂಡೆ. ಅವಳು ಹಿಂದಕ್ಕೆ ಸರಿದಳು, ನಾನೂ ಸರಿದೆ. ಹೊದಿಕೆಯನ್ನು ಇಬ್ಬರೂ ಒದರಿ, ಎಳೆದು, ಹತ್ತಿರ ಬಂದು ಮಡಿಸಿದೆವು. ನನ್ನ ಕಡೆಯ ಅಂಚು ಸೊಟ್ಟಗಾಯಿತು. ಅವಳು ಬಿಚ್ಚಿ, "ಇನ್ನೊಂದ್ಸಲ" ಎಂದಳು. ಮಧ್ಯಾಹ್ನವೆಲ್ಲ ಹೀಗೆಯೇ ಕಳೆಯಿತು. ರಾಶಿ ಮುಗಿಯುವಷ್ಟರಲ್ಲಿ ನಾನು ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಮರೆತುಹೋಗಿದ್ದವು. ಅಂದಿನಿಂದ ಮಂಗಳವಾರಗಳಂದು ಆಸ್ಪತ್ರೆಯ ಹೊದಿಕೆಗಳು ನನ್ನ ಪಾಲಿನ ಕೆಲಸ.